ಅವರೆ ಸಾಲಿನಲ್ಲಿ ಸತ್ತವನು

ಸತ್ತವನಿಗೆ ಮೂಗು ಕೆರೆಯುತ್ತಿತ್ತು. ಕೆರೆದುಕೊಳ್ಳಬಹುದೋ ಬಾರದೋ ಎಂದು ಬೆಳಿಗ್ಗೆ ಯಾರೂ ಹೇಳಿರಲಿಲ್ಲ. ಎದ್ದು ಓಡಾಡಬಾರದು, ಕೂಗಬಾರದು, ಯಾರಾದರೂ ಬಂದು ಮುಟ್ಟಿ ನೋಡಿದರೆ ಕಣ್ಣು ಬಿಡಬಾರದು ಎಂದಷ್ಟೇ ಹೇಳಿದ್ದರು. ಮೂಗಿನ ವಿಷಯ ಅವರವರ ವಿವೇಚನೆಗೆ ಬಿಟ್ಟದ್ದಿರಬೇಕು. ಚನ್ನಕೇಶವ ಹೊಂಗೆಮರದ ನೆರಳಿನಲ್ಲಿ ಅಂಗಾತ ಮಲಗಿಕೊಂಡು, ತನಗಿದ್ದ ವಿವೇಚನೆಯನ್ನೆಲ್ಲ ಒಟ್ಟುಗೂಡಿಸಿ, ಕೊನೆಗೆ ಮೇಲ್ದುಟಿಯನ್ನೆತ್ತಿ ಮೂಗಿನ ತುದಿಯನ್ನು ಒಂದೆರಡು ಸಲ ಅಲ್ಲಾಡಿಸಿದ. ಎದೆಯ ಮೇಲೆ ಪಿನ್ನು ಹಾಕಿದ್ದ ರಟ್ಟಿನ ತುಂಡಿನಲ್ಲಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ‘ಮೃತ’ ಎಂದು ಬರೆದಿತ್ತು. ಕನ್ನಡದಲ್ಲಿ ಬರೆದಿರಲಿಲ್ಲವಾದ್ದರಿಂದ ತಾನಿನ್ನೂ ಪೂರ್ತಿ ಸತ್ತಿಲ್ಲವೆಂದು ಒಂದು ಕ್ಷಣ ಅನ್ನಿಸಿ ನಗು ಬಂತು. ನಗಬಹುದೋ ಬಾರದೋ ಎಂಬುದನ್ನೂ ಯಾರೂ ಹೇಳಿರಲಿಲ್ಲ.

ವಾಯು ಸಹಾಯಕ ದಳದಲ್ಲಿ ಸಂಬಳವಿಲ್ಲ, ಸಮವಸ್ತ್ರವಿದೆ. ಹೊಸೂರಿನ ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ವಾರವೆಲ್ಲ ದುಡಿದವರು ಭಾನುವಾರ ಆಕಾಶಬಣ್ಣದ ಅಂಗಿ ತೊಟ್ಟು, ಎಲ್ಲಾದರೂ ವಿಮಾನ ಬಿದ್ದರೆ ಹುಡುಕುವುದು ಹೇಗೆ, ಗಾಯಗೊಂಡವರನ್ನು ಹೊರುವುದು ಹೇಗೆ, ವೈರ್‌ಲೆಸ್ಸಿನಲ್ಲಿ ಮಾತಾಡುವುದು ಹೇಗೆ ಎಂದು ಕಲಿಯುತ್ತಿದ್ದರು. ದಳ ಶುರುವಾದಾಗಿನಿಂದ ಆ ಸೀಮೆಯಲ್ಲಿ ಒಂದು ವಿಮಾನವೂ ಬಿದ್ದಿರಲಿಲ್ಲ. ಬೀಳಲೆಂದು ಯಾರೂ ಹಾರೈಸುತ್ತಿರಲಿಲ್ಲ ನಿಜ, ಆದರೂ ತಲೆಯ ಮೇಲೆ ಒಂದು ಹಾರಿಹೋದಾಗ ಎಲ್ಲರೂ ಕತ್ತೆತ್ತಿ ಅದು ಕಣ್ಮರೆಯಾಗುವ ತನಕ ನೋಡುತ್ತ ನಿಲ್ಲುವ ರೀತಿಯಲ್ಲಿ ಬರೀ ಕುತೂಹಲವಷ್ಟೇ ಇರಲಿಲ್ಲ. ಇವತ್ತಿನದು ಅಣಕು ಅಪಘಾತ. ತೊರಪಲ್ಲಿ ಅಗ್ರಹಾರದ ಆಚೆ, ಹೊಳೆದಂಡೆಯ ಹೊಲಗಳಲ್ಲಿ ಸಣ್ಣದೊಂದು ವಿಮಾನ ಬಿದ್ದಿದೆಯೆಂದು ಇಟ್ಟುಕೊಂಡು, ಅಲ್ಲಲ್ಲಿ ಮಲಗಿಸಿದ್ದ ಗಾಯಾಳುಗಳನ್ನು ಊಟದ ಹೊತ್ತಿನೊಳಗೆ ಹುಡುಕಿ ಶಾಲೆಯ ಜಗಲಿಗೆ ಹೊತ್ತು ತರಬೇಕು. ಹುಡುಕಿಸುವವಳು ಸಹನಾ. ಇದು ಅವಳ ಲೀಡರ್ ಪರೀಕ್ಷೆ. ಒಬ್ಬ ಸಿಗದೆ ಹೋದರೂ ಫೇಲು.

ಕೃಷ್ಣಗಿರಿಯ ತರಬೇತಿ ಕೇಂದ್ರದಿಂದ ವೆಂಕಟೇಶಪ್ಪ ನಿನ್ನೆ ಫೋನು ಮಾಡಿದಾಗ ಚನ್ನಕೇಶವ ಮನಸ್ಸಿನಲ್ಲೇ ಎದ್ದು ನಿಂತಿದ್ದ. ವಾಯುಸೇನೆಯಿಂದ ನಿವೃತ್ತರಾದ ಆ ಮನುಷ್ಯ ಫೋನಿನಲ್ಲೂ ಕವಾಯತಿನ ಗಂಟಲಿನಲ್ಲೇ ಮಾತಾಡುವವರು. ‘ನಾಳೆ ನಿಮ್ಮಿಂದ ಒಂದು ಮುಖ್ಯವಾದ ಕೆಲಸ ಆಗ್ಬೇಕು ಚನ್ನಕೇಶವ.’ ಪರೀಕ್ಷಕನಾಗಿ ನಿಲ್ಲಿಸುತ್ತಾರೆ, ಏನಿಲ್ಲವೆಂದರೂ ವೈರ್‌ಲೆಸ್ಸಿನ ಮೇಲೆ ಕೂರಿಸುತ್ತಾರೆ ಎಂದುಕೊಂಡ. ‘ಹೇಳಿ ಸಾರ್.’ ‘ಹೆಣ.’ ವೆಂಕಟೇಶಪ್ಪ ಅದೇ ಉಸಿರಿನಲ್ಲಿ ಸೇರಿಸಿದರು: ‘ನಿಮ್ಮಂಥ ಅನುಭವಸ್ಥರೇ ಬೇಕು. ಹೊಸಬರನ್ನ ಮಲಗಿಸಿದ್ರೆ ಅಲ್ಲಾಡ್ತಾರೆ.’ ಚನ್ನಕೇಶವ ಆಗಲಿ ಸಾರ್ ಎಂದಿದ್ದ. ಬೆಳಿಗ್ಗೆ ಮತ್ತಿಗಿರಿಯ ಮನೆಯಲ್ಲಿ ಎಂದಿನ ಹಾಗೆ ಅಂಗಿಗೆ ಇಸ್ತ್ರಿ ಹಾಕಲು ನಿಂತಾಗ ಹೆಂಡತಿ ಉಷಾರಾಣಿ ಕಾಫಿ ಲೋಟ ಹಿಡಿದು ಬಂದು ಬಾಗಿಲಿಗೊರಗಿ ನೋಡಿದಳು. ‘ಹೆಣಕ್ಕೆ ಇಸ್ತ್ರಿ ಹಾಕಿದ್ದು ಎಲ್ಲಾದ್ರೂ ಕಂಡಿದೀರೇನ್ರೀ? ಮಣ್ಣಲ್ಲಿ ಮಲಗೋಕೆ ಇಷ್ಟು ಗೆರೆ ಯಾಕೆ?’ ‘ವಿಮಾನದಾಗೆ ಹೋಗೋನು ಮುದುರಿದ ಬಟ್ಟೆ ಹಾಕ್ಕಂಡು ಹೋಗ್ತಾನೇನೆ?’ ಎಂದು ಅವನು ಹೇಳಿದ್ದು ಒಳ್ಳೆಯ ಉತ್ತರವೇ ಆಗಿತ್ತು. ಆದರೆ ಅವಳು ನಕ್ಕು ಒಳಗೆ ಹೋದ ಮೇಲೂ ಅವನು ತೋಳಿನ ಮೇಲಿನ ಆ ಬರಿದಾದ ಜಾಗವನ್ನು, ಲೀಡರ್ ಪಟ್ಟಿ ಹೊಲಿಯಬೇಕಾದ ಜಾಗವನ್ನು, ಎರಡೆರಡು ಸಲ ಇಸ್ತ್ರಿ ಮಾಡಿದ್ದ.

ಆ ಜಾಗ ತಾನಾಗಿ ಬರಿದಾಗಿ ಉಳಿದದ್ದಲ್ಲ. ಮೊದಲ ಸಲದ ಪರೀಕ್ಷೆಯಲ್ಲಿ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು, ತುಕಡಿಯನ್ನು ಬಿದ್ದ ವಿಮಾನದ ಕಡೆಗೆ ಒಯ್ಯುವ ಬದಲು ಒಂದು ಮದುವೆ ಮನೆಗೆ ಒಯ್ದಿದ್ದ. ಸಮವಸ್ತ್ರ ಕಂಡು ಹೆದರಿದ ಹೆಣ್ಣಿನ ಕಡೆಯವರು ಎಲ್ಲರನ್ನೂ ಕೂರಿಸಿ ಊಟ ಹಾಕಿದ್ದರು. ಪಾಯಸ ಚೆನ್ನಾಗಿತ್ತೆಂದು ದಳದವರು ಈಗಲೂ ನೆನೆಯುತ್ತಾರೆ. ಎರಡನೆಯ ಸಲ ಸ್ಟ್ರೆಚರ್ ಹೊರುವವರಿಗೆ ತಮಿಳಿನಲ್ಲಿ ಆಜ್ಞೆ ಕೊಡಬೇಕಿತ್ತು. ಎತ್ತಿ ಎನ್ನಲು ತಮಿಳಿನಲ್ಲಿ ತೂಕ್ಕುಂಗೋ. ರಾತ್ರಿಯೆಲ್ಲ ಉರು ಹೊಡೆದಿದ್ದ. ಬೆಳಿಗ್ಗೆ, ಕೃಷ್ಣಗಿರಿಯ ಮೈದಾನದಲ್ಲಿ, ಎದೆಯುಬ್ಬಿಸಿ, ಎಲ್ಲರೂ ಒಟ್ಟಿಗೆ ತೂಂಗುಂಗೋ ಎಂದುಬಿಟ್ಟ. ಅಂದರೆ ನಿದ್ದೆ ಮಾಡಿ. ಹೊರಲು ನಿಂತಿದ್ದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಶಿಸ್ತಿನಿಂದ, ಗಾಯಾಳುವಿನ ಪಕ್ಕದಲ್ಲೇ ಮಲಗಿದರು. ಅವತ್ತಿನ ಆ ನಗೆಯಲ್ಲಿ ಒಂದು ದನಿ ಕೇಳಿರಲಿಲ್ಲ. ಸಹನಾ ನಕ್ಕಿರಲಿಲ್ಲ, ನೆಲ ನೋಡುತ್ತ ನಿಂತಿದ್ದಳು. ಅವಳೂ ನಕ್ಕಿದ್ದರೆ ಚೆನ್ನಾಗಿತ್ತು. ದಳಕ್ಕೆ ಸೇರಿದಾಗ ಹಗ್ಗಕ್ಕೆ ನೆಟ್ಟಗೆ ಒಂದು ಗಂಟು ಹಾಕಲು ಬರದ ಹುಡುಗಿ; ಮಾಲೂರಿನ ಕಡೆಯಿಂದ ಬಂದ ಮನೆಯವಳಾದರೂ ಹೊಸೂರಿನಲ್ಲೇ ಓದಿ ಬೆಳೆದದ್ದರಿಂದ ತಮಿಳು ನೀರು ಕುಡಿದ ಹಾಗೆ ಬರುತ್ತಿತ್ತು. ಗಂಟು ಕಲಿಸಿದವನು ಚನ್ನಕೇಶವ. ನಾಡಿ ನೋಡಲು ಕಲಿಸಿದವನು ಅವನು. ಉಸಿರು ನಿಂತವರ ಎದೆಯೊತ್ತುವುದನ್ನು ರಬ್ಬರ್ ಬೊಂಬೆಯ ಮೇಲೆ ಹೇಳಿಕೊಡುವಾಗ, ‘ಬದುಕ್ಲಿಲ್ಲ ಅಂದ್ರೆ ಎಷ್ಟೊತ್ತು ಒತ್ಬೇಕು ಸಾರ್?’ ಎಂದು ಕೇಳಿದ್ದಳು. ‘ಬೇರೆಯೋರು ಬಂದು ಸಾಕು ಅನ್ನೋಗಂಟ. ನೀನಾಗೇ ನಿಲ್ಲಿಸ್ಬಾರ್ದು ಕಣಮ್ಮ’ ಎಂದಿದ್ದ. ಲೀಡರ್ ಪರೀಕ್ಷೆಗೆ ಅವಳ ಹೆಸರು ಬಂದಿದೆಯೆಂದು ಅವಳೇ ಫೋನು ಮಾಡಿ ಹೇಳಿದಾಗ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಸಂತೋಷವಾಯಿತೆಂದು ಹೇಳಿಯೂ ಹೇಳಿದ. ಹೇಳಿ, ಗಾಬರಿಯಲ್ಲಿ ವೈರ್‌ಲೆಸ್ಸೆಂದುಕೊಂಡು ‘ಓವರ್’ ಎಂದು ಸೇರಿಸಿ ಫೋನಿಟ್ಟ.

ಸೀಟಿ ಕೇಳಿಸಿತು. ದೂರದಲ್ಲಿ, ಕೆರೆ ಏರಿಯ ಕಡೆಯಿಂದ, ಒಂದು ಉದ್ದ, ಒಂದು ಗಿಡ್ಡ. ಹುಡುಕುವ ಸಾಲು ಹೊರಟಿತ್ತು. ತೋಳಿಗೆ ತೋಳು ತಾಕದಷ್ಟು ಅಂತರ ಬಿಟ್ಟು, ಸಾಲಾಗಿ ಹೊಲಗಳ ಮೇಲೆ ಬಾಚಣಿಗೆ ಎಳೆದ ಹಾಗೆ ಬರುತ್ತಾರೆ. ಈ ಹೊಂಗೆಮರ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ, ಅದರ ಬುಡದಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿಯ ಹೆಣ, ಕುರುಡನಿಗೂ ಸಿಗುತ್ತದೆ. ಇನ್ನೇನು ಬಂದು, ಬಗ್ಗಿ, ತಾನು ಕಲಿಸಿದ ಹಾಗೆಯೇ ಎರಡು ಬೆರಳನ್ನು ತನ್ನ ಕತ್ತಿಗೆ ಒತ್ತಿ, ಸತ್ತಿದ್ದಾನೆ ಎಂದು ಕೂಗಿ ಹೇಳುತ್ತಾಳೆ. ಮುಂದಿನ ಭಾನುವಾರ ಪಟ್ಟಿ ಹೊಲಿಸಿಕೊಂಡು ಬಂದು ಎದುರಿಗೆ ನಿಲ್ಲುತ್ತಾಳೆ. ಆಗ ಕೈಯೆತ್ತಿ ವಂದಿಸಬೇಕಾದವನು ಯಾರು? ಹೀಗೆಂದು ಅವನು ಯೋಚಿಸಿದನೆಂದು ಹೇಳಲಾಗುವುದಿಲ್ಲ. ಯೋಚಿಸಿದ್ದರೆ ನಾಚಿಕೆಯಾಗಿ ಸುಮ್ಮನೆ ಮಲಗಿರುತ್ತಿದ್ದ. ಆದದ್ದಿಷ್ಟೇ: ಹೆಣ ಒಂದು ಮಗ್ಗುಲಾಯಿತು. ಮತ್ತೊಂದು ಮಗ್ಗುಲಾಯಿತು. ಮೊಣಕೈ ಊರಿ ಬದುವನ್ನು ದಾಟಿತು. ಬದುವಿನಾಚೆ ರಾಗಿ ಕೊಯ್ದು ಬರೀ ಕೂಳೆ ಉಳಿದ ಹೊಲದಲ್ಲಿ, ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಮಾತ್ರ ಸೊಂಟದೆತ್ತರಕ್ಕೆ ಹಬ್ಬಿ ಹೂ ಕಾಯಿಗಳಿಂದ ತೂಗುತ್ತಿತ್ತು. ಆ ಸಾಲಿನ ಬುಡಕ್ಕೆ ಹೋಗಿ ಹೆಣ ಬೋರಲಾಗಿ ಮಲಗಿತು.

ನೆರಳಿನಿಂದ ಬಂದವನಿಗೆ ಬಿಸಿಲು ಬೆನ್ನಿನ ಮೇಲೆ ಕೈಯಿಟ್ಟು ಅದುಮಿದ ಹಾಗಿತ್ತು. ಅವರೆಯ ಸೊಗಡು ಮೂಗಿಗೆ ಬಡಿದು ತಲೆಗೇರಿತು. ದನಿಗಳು ಹತ್ತಿರವಾದವು. ಯಾರೋ ತಮಾಷೆಗೆ ‘ಯಾರಾಚ್ಚುಂ ಇರುಕ್ಕೀಂಗಳಾ?’, ಯಾರಾದರೂ ಇದ್ದೀರಾ, ಎಂದು ರಾಗವಾಗಿ ಕೂಗಿದರು. ಕಾಲು ಮುರಿದವನ ಪಾತ್ರ ಸಿಕ್ಕಿದ್ದ ನಂದೀಶ ಎಲ್ಲೋ ಬಲಗಡೆಯಲ್ಲಿ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ, ಅಯ್ಯೋ ಅಮ್ಮಾ ಎಂದು ನರಳಿದ. ಅವನು ಮೊದಲಿನಿಂದಲೂ ಹೊಗಳಿಕೆಗೆ ಬೀಳುವವನು. ಕೂಳೆ ಮುರಿಯುವ ಸದ್ದು. ಎಲೆಗಳ ನಡುವಿನಿಂದ ಬೂಟುಗಳು ಕಂಡವು, ಒಂದರ ಪಕ್ಕ ಒಂದು, ಎಡದವು ಬೇಗ, ಬಲದವು ನಿಧಾನ. ನಡುವಿನಲ್ಲಿ ಎಡಗಾಲನ್ನು ಕೊಂಚ ಹೊರಗೆ ಹಾಕಿ ನಡೆಯುವ ಒಂದು ಜೋಡಿ. ಆ ಜೋಡಿ ಬದುವಿನ ಮೇಲೆ ನಿಂತಿತು. ನೀರಿನ ಬಾಟಲಿ ಕುಲುಕಿತು. ಚನ್ನಕೇಶವ ಉಸಿರು ಬಿಗಿಹಿಡಿದ. ಅಂದು ಬೆಳಗಿನಿಂದ ಅವನು ನಿಜವಾಗಿ ಸತ್ತವನಂತೆ ಇದ್ದದ್ದು ಆಗ ಮಾತ್ರ. ‘ಮುನ್ನಾಡಿ ಪೋಂಗ,’ ಎಂದಿತು ಸಹನಾಳ ದನಿ, ಮುಂದೆ ಹೋಗಿ. ಬೂಟುಗಳು ಹೊಳೆಯ ಕಡೆಗೆ ಹೊರಟುಹೋದವು.

ಗೆದ್ದೆ ಎನ್ನಿಸಿತು. ಮೈಯೆಲ್ಲ ಹಗುರವಾಯಿತು. ಗೆದ್ದದ್ದನ್ನು ಯಾರಿಗೆ ಹೇಳುವುದು ಎಂದು ನೋಡಿದರೆ ಒಂದು ಗೊದ್ದ ಇರುವೆ ಇತ್ತು, ಅದು ಅವನ ಮಣಿಕಟ್ಟಿನ ಮೇಲೆ ಹತ್ತಿ ಗಡಿಯಾರದ ಪಟ್ಟಿಯಲ್ಲಿ ದಾರಿ ತಪ್ಪಿಸಿಕೊಂಡಿತ್ತು. ಕೈಗೆ ಏನಾದರೂ ಕೆಲಸ ಬೇಕಾಗಿ ಒಂದು ಅವರೆಕಾಯಿ ಕಿತ್ತು ಸುಲಿದ. ಇನ್ನೊಂದು ಸುಲಿದ. ಊರಿನ ಕಡೆಯಿಂದ ಗಾಯಾಳುಗಳು ಒಬ್ಬೊಬ್ಬರಾಗಿ ಸಿಕ್ಕ ಸಂಭ್ರಮದ ಸದ್ದು, ಆಮೇಲೆ ತಟ್ಟೆ ಲೋಟಗಳ ಸದ್ದು, ಆಮೇಲೆ ಗಾಳಿ ತಿರುಗಿ ಸಾಂಬಾರಿನ ವಾಸನೆ. ಎಲ್ಲರೂ ಊಟಕ್ಕೆ ಕೂತಿರಬೇಕು. ಸತ್ತವನೊಬ್ಬ ಬಾಕಿ ಇದ್ದಾನೆಂದು ಯಾರೂ ಅನ್ನ ಬಿಡುವುದಿಲ್ಲ, ಅದು ಸರಿಯೇ. ಆದರೆ ಸೀಟಿ ನಿಂತಿರಲಿಲ್ಲ. ಒಂದು ಉದ್ದ, ಒಂದು ಗಿಡ್ಡ, ಹೊಳೆಯ ಹತ್ತಿರ. ತುಸು ಹೊತ್ತಿನ ಮೇಲೆ ಏರಿಯ ಹತ್ತಿರ. ಅವಳೊಬ್ಬಳೇ. ಸಾಕು ಬಾರಮ್ಮ ಎಂದು ಕರೆಯಬೇಕಾದ ವೆಂಕಟೇಶಪ್ಪ ಯಾಕೆ ಕರೆಯುತ್ತಿಲ್ಲ? ಇನ್ನಷ್ಟು ಹೊತ್ತು ಕೊಡಿ ಎಂದು ಅವಳೇ ಕೇಳಿಕೊಂಡಿರಬೇಕು. ಮೊಂಡು ಹುಡುಗಿ. ನೀನಾಗೇ ನಿಲ್ಲಿಸಬಾರದು ಎಂದು ಯಾರೋ ತಲೆಗೆ ತುಂಬಿದ್ದಾರೆ. ಕಾರ್ಖಾನೆಯ ಸ್ಟೋರಿನಲ್ಲಿ ತನಗಿಂತ ಹಿಂದೆ ಸೇರಿದವರು ಮೇಲೆ ಮೇಲೆ ಹೋದಾಗಲೆಲ್ಲ ಸಿಹಿ ಹಂಚುವ ಡಬ್ಬಿ ಹಿಡಿದು ಓಡಾಡಿದವನು ತಾನೇ. ಒಳ್ಳೆಯ ಮನುಷ್ಯ ಎಂದು ಹೆಸರು ಬಂದಿತ್ತು. ಆ ಒಳ್ಳೆಯ ಮನುಷ್ಯ ಈಗ ಅವರೆ ಸಾಲಿನಲ್ಲಿ ಬೋರಲಾಗಿ ಮಲಗಿ ಸಿಪ್ಪೆ ಗುಡ್ಡೆ ಹಾಕುತ್ತಿದ್ದ.

‘ಯಾವನ್ಲಾ ಅವನು ನಮ್ಮ ಅವರೇಲಿ!’

ತಲೆಯ ಮೇಲೆ ಹೊರೆ ಹುಲ್ಲು, ಕೈಯಲ್ಲಿ ಕುಡುಗೋಲು. ಹೊಲದ ಒಡತಿ ಅಂಜಮ್ಮ ಬದುವಿನ ಮೇಲೆ ನಿಂತಿದ್ದಳು. ಚನ್ನಕೇಶವ ತಿರುಗಿ ಅಂಗಾತನಾಗಿ ಎದೆಯ ರಟ್ಟನ್ನು ತೋರಿಸಿದ.

‘ನಂಗೆ ಓದಾಕೆ ಬರಾಕಿಲ್ಲ. ಬಾಯಲ್ಲಿ ಏಳು.’

‘ಮಾತಾಡಂಗಿಲ್ಲ ಕಣಮ್ಮ. ನಾನು ಸತ್ತೋಗಿದೀನಿ.’

ಅಂಜಮ್ಮ ಹೊರೆಯನ್ನು ಇಳಿಸಿ ಬದುವಿಗೆ ಒರಗಿಸಿಟ್ಟಳು. ಇದು ನಿಂತು ಮಾತಾಡುವ ವಿಷಯವಲ್ಲವೆಂದು ಅವಳಿಗೆ ತೋರಿರಬೇಕು. ‘ಯಾವಾಗ ಸತ್ತೆ?’

‘ಬೆಳಿಗ್ಗೆ. ಏರೋಪ್ಲೇನ್ ಬಿತ್ತು.’

‘ನಂ ವಲದಾಗಾ?’

‘ಇಲ್ಲ, ಬಿದ್ದಂಗೆ. ಟ್ರೈನಿಂಗು.’

‘ಓಹೋ. ಸತ್ತೋನು ಅವರೇಕಾಯಿ ಸುಲೀತಾನೇನಪ್ಪ?’ ಸಿಪ್ಪೆಯ ಗುಡ್ಡೆಯನ್ನು ಕುಡುಗೋಲಿನ ತುದಿಯಿಂದ ಕೆದಕಿದಳು. ‘ಒಂದು ಸಾರಿಗಾಗೋಷ್ಟು ಸುಲ್ದಾಕಿದೀಯ. ಅಲ್ಲಿ ಒಂದು ಎಣ್ಮಗ ಬಿಸಿಲಾಗೆ ಪೀಪಿ ಊದ್ಕಂಡು ಸುತ್ತುತಾ ಐತೆ. ಕರು ಕಳಕೊಂಡೈತೇನೋ ಅಂದ್ಕಂಡೆ. ನಿನ್ನೇನಾ ಉಡುಕ್ತಿರಾದು?’

‘ಹೂಂ.’

‘ಮತ್ತೆ ಓ ಅನ್ನಬಾರ್ದಾ?’

‘ಅನ್ನಂಗಿಲ್ಲ. ರೂಲ್ಸು.’

‘ಇಲ್ಲಿ ಬಂದು ಅವಿತ್ಕಳದು ರೂಲ್ಸಾ?’

ಅಂಜಮ್ಮ ಉತ್ತರಕ್ಕೆ ಕಾಯಲಿಲ್ಲ. ಸುಲಿದಿಟ್ಟ ಕಾಳನ್ನು ಒಂದೂ ಬಿಡದೆ ಆರಿಸಿ ಸೆರಗಿಗೆ ಕಟ್ಟಿಕೊಳ್ಳುವುದರಲ್ಲಿ ತೊಡಗಿದ್ದಳು. ಅವನು ತಲೆಯೆತ್ತಿ ಅತ್ತ ಇತ್ತ ನೋಡಿ, ಬಗ್ಗಿಕೊಂಡೇ ಬದು ಹತ್ತಿದ.

‘ಈಗೆಲ್ಲಿಗೆ ವೊಂಟೆ?’

‘ನನ್ನ ಜಾಗಕ್ಕೆ.’

‘ಓಗು, ಓಗು. ವೊರೆ ಎತ್ತಿಕೊಟ್ಟು ಸಾಯಿ.’

ಹೊರೆ ಎತ್ತಿಕೊಟ್ಟ. ಹೊಂಗೆಯ ನೆರಳು ಅಷ್ಟರಲ್ಲಿ ಸರಿದುಹೋಗಿತ್ತು. ಮೊದಲು ಮಲಗಿದ್ದ ಜಾಗ ಯಾವುದೆಂದು ಹುಡುಕಿ, ಹುಲ್ಲು ಒತ್ತಿದ್ದ ಗುರುತಿಗೆ ಬೆನ್ನನ್ನು ಹೊಂದಿಸಿ, ಕೈಗಳನ್ನು ಬದಿಗಿಟ್ಟು ಕಣ್ಣು ಮುಚ್ಚಿದ. ಸೀಟಿ ನಿಂತಿತು. ಕೂಳೆಯ ಮೇಲೆ ಹೆಜ್ಜೆಗಳು ಬಂದವು. ಹುಡುಕುವವರ ಹೆಜ್ಜೆಗಳು ನಿಂತು ನಿಂತು ಬರುತ್ತವೆ. ಇವು ನೇರವಾಗಿ ಬಂದವು. ಆಗ ಅದು ಅವನ ಗಮನಕ್ಕೆ ಬರಲಿಲ್ಲ. ಅವಳು ಮಂಡಿಯೂರಿ ಕೂತಳು, ಏದುಸಿರು ಬಿಡುತ್ತಿದ್ದಳು, ಬೆವರಿನ ಹನಿಯೊಂದು ಅವನ ಗಲ್ಲದ ಮೇಲೆ ಬಿತ್ತು. ಎರಡು ಬೆರಳು ಕತ್ತಿನ ಪಕ್ಕ ಒತ್ತಿದವು, ಸರಿಯಾದ ಜಾಗದಲ್ಲೇ, ಕಲಿಸಿದ್ದಕ್ಕಿಂತ ಮೆತ್ತಗೆ. ನಾಡಿ ಓಡುತ್ತಿತ್ತು, ಹೆಣಕ್ಕೆ ಶೋಭಿಸದಷ್ಟು ಜೋರಾಗಿ. ಬೆರಳುಗಳು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಅಲ್ಲೇ ಇದ್ದವು. ಆಮೇಲೆ ಅವನ ಕಾಲರಿನಿಂದ ಏನನ್ನೋ ತೆಗೆದು ಹಾಕಿ, ಅವಳು ವೈರ್‌ಲೆಸ್ಸಿನಲ್ಲಿ ಹೇಳಿದಳು: ಕೊನೆಯವರು ಸಿಕ್ಕರು, ಮೃತ. ನಾಲ್ವರು ಊಟದ ಕೈ ತೊಳೆದುಕೊಂಡು ಸ್ಟ್ರೆಚರ್ ತಂದರು. ‘ತೂಕ್ಕುಂಗೋ,’ ಎಂದಳು ಸಹನಾ, ತಪ್ಪಿಲ್ಲದೆ. ಚನ್ನಕೇಶವ ನೆಲ ಬಿಟ್ಟು ಮೇಲೆದ್ದ. ಅಗ್ರಹಾರದ ಬೀದಿಯಲ್ಲಿ ಹೋಗುವಾಗ ಯಾವುದೋ ಮನೆಯ ಮುದುಕಿ ನಿಜವೆಂದೇ ತಿಳಿದು ಪಾಪ, ಎಳೇ ಜೀವ ಎಂದಳು. ತನಗೆ ಯಾರೂ ಇಷ್ಟು ವರ್ಷಗಳಲ್ಲಿ ಹೇಳದ ಮಾತು ಕೇಳಿ ಅವನ ಮುಚ್ಚಿದ ಕಣ್ಣು ತುಂಬಿ ಬಂತು.

ಶಾಲೆಯ ಜಗಲಿಯ ಮೇಲೆ ವಿಮರ್ಶೆಗೆ ಎಲ್ಲರನ್ನೂ ಕೂರಿಸಿದರು. ವೆಂಕಟೇಶಪ್ಪ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಅತ್ತಿತ್ತ ನಡೆದರು. ಎಲ್ಲವೂ ಸರಿಯಾಗಿತ್ತು, ನಂದೀಶನ ನರಳಾಟವಂತೂ ಬಹಳ ಸರಿಯಾಗಿತ್ತು. ಆದರೆ ಬಯಲಿನ ಹೊಂಗೆಮರದ ಕೆಳಗಿದ್ದ ಹೆಣ ಇಷ್ಟು ಹೊತ್ತಿಗೆ ಸಿಕ್ಕಿದ್ದು ಹೇಗೆ? ‘ಆ ಜಾಗ ನಾನೇ ಆರಿಸಿದ್ದು. ನಿಮ್ಮ ಸಾಲು ಅದರ ಪಕ್ಕದಲ್ಲೇ ಹೋಯ್ತು. ಏನಮ್ಮಾ ಸಹನಾ, ಕಣ್ಣು ಮುಚ್ಕೊಂಡು ನಡೆದ್ರಾ?’ ಸಹನಾ ಎದ್ದು ನಿಂತಳು. ‘ತಪ್ಪು ನಂದು ಸಾರ್,’ ಎಂದಳು. ಅವಳ ಅಂಗಿಯ ಬೆನ್ನು ಬೆವರಿ ಕಡುನೀಲಿಯಾಗಿತ್ತು, ಅವಳಿನ್ನೂ ಉಂಡಿರಲಿಲ್ಲ. ಚನ್ನಕೇಶವನೂ ಎದ್ದು ನಿಂತ. ಯಾರೂ ಅವನನ್ನು ಕೇಳಿರಲಿಲ್ಲ.

‘ನಾನು ಅಲ್ಲಿ ಇರ್ಲಿಲ್ಲ ಸಾರ್. ಜಾಗ ಬಿಟ್ಟು ಹೋಗಿದ್ದೆ. ಅವರೆ ಸಾಲಿನಾಗೆ ಬಚ್ಚಿಟ್ಕೊಂಡಿದ್ದೆ.’

‘ಯಾಕೆ?’

ಬಿಸಿಲು ಎನ್ನಬಹುದಿತ್ತು, ಇರುವೆ ಎನ್ನಬಹುದಿತ್ತು. ‘ಸಿಗಬಾರ್ದು ಅನ್ನಿಸ್ತು ಸಾರ್. ಇವಳಿಗೆ ನಾನು ಸಿಗಬಾರ್ದು ಅಂತ.’

ಇಡೀ ದಳ ತನ್ನ ಒಳಗನ್ನು ಕಂಡುಬಿಟ್ಟಿತು, ಇನ್ನು ಅಂಗಿ ಬಿಚ್ಚಿಟ್ಟು ಮನೆಗೆ ಹೋಗುವುದೊಂದೇ ಉಳಿದಿದೆ ಎಂದುಕೊಂಡು ಅವನು ತಲೆ ತಗ್ಗಿಸಿದ. ವೆಂಕಟೇಶಪ್ಪ ಅವನನ್ನೇ ನೋಡುತ್ತಿದ್ದವರು ನಿಧಾನವಾಗಿ ತಲೆಯಾಡಿಸತೊಡಗಿದರು. ಅವರ ಮುಖ ಅರಳುತ್ತ ಹೋಯಿತು. ‘ಕೇಳಿದ್ರಾ? ಇದು ಅನುಭವ! ಅಪಘಾತದಲ್ಲಿ ಬದುಕಿದೋರು ಗಾಬರೀಲಿ ಕಾಪಾಡೋಕೆ ಬಂದೋರನ್ನ ಕಂಡೇ ಓಡಿ ಅವಿತ್ಕೋತಾರೆ. ಇವರು ಅದನ್ನ ಮಾಡಿ ತೋರಿಸಿದ್ದಾರೆ.’ ‘ಆದ್ರೆ ಸಾರ್, ಇವರು ಸತ್ತಿದ್ರಲ್ಲ?’ ಎಂದು ನಂದೀಶ ಕೇಳಿದ. ‘ಓಡುವಾಗ ಸತ್ತಿರಲಿಲ್ಲ. ವಾಪಸ್ ಬಂದು ಸತ್ತರು,’ ಎಂದು ವೆಂಕಟೇಶಪ್ಪ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದರು. ‘ಅಲ್ಲ ಸಾರ್, ನಾನು ಬೇಕಂತಲೇ,’ ಎಂದು ಚನ್ನಕೇಶವ ಬಾಯಿ ತೆರೆದ. ‘ಗೊತ್ತು, ಗೊತ್ತು, ಬೇಕಂತಲೇ ಮಾಡಿದ್ದು ಅದೇ ದೊಡ್ಡದು. ಕೂತ್ಕೊಳ್ಳಿ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಕಷ್ಟದ ಹೆಣವನ್ನು ಬಿಡದೆ ಹುಡುಕಿದ್ದಕ್ಕೆ ಸಹನಾ ಪಾಸು, ಒಳ್ಳೆಯ ಅಂಕದಲ್ಲೇ ಪಾಸು. ಚಪ್ಪಾಳೆ ತಟ್ಟದೆ ಇದ್ದವಳು ಅವಳೊಬ್ಬಳೇ. ಅವಳ ಕೈಯಲ್ಲಿ ತಡವಾಗಿ ಬಂದ ಊಟದ ತಟ್ಟೆಯಿತ್ತು.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು, ಅವಳ ಮನೆಯೂ ಮತ್ತಿಗಿರಿಯ ಕಡೆಯೇ. ಸಂತೆಯಿಂದ ಹಿಂದಿರುಗುವವರ ಖಾಲಿ ಬುಟ್ಟಿಗಳು ಕಾಲಿಗೆ ತೊಡರುತ್ತಿದ್ದವು.

‘ನಾನು ನಿಮ್ಮನ್ನ ಮೊದ್ಲೇ ನೋಡ್ದೆ ಸಾರ್,’ ಎಂದಳು ಸಹನಾ. ‘ಬದುವಿನ ಮೇಲೆ ನಿಂತಾಗ. ಬೂಟು ಕಾಣ್ತಿತ್ತು.’

ಚನ್ನಕೇಶವ ತನ್ನ ಬೂಟಿನ ಕಡೆ ನೋಡಿಕೊಂಡ. ‘ಮತ್ಯಾಕೆ ಕೂಗ್ಲಿಲ್ಲ?’

‘ಎಲ್ರೂ ಇದ್ರಲ್ಲ. ಎಲ್ರ ಮುಂದೆ ಎಬ್ಬಿಸಿದ್ರೆ ನಿಮ್ಗೆ ಹೆಂಗಾಗ್ತಿತ್ತು? ಅವರನ್ನೆಲ್ಲ ಊಟಕ್ಕೆ ಕಳಿಸ್ದೆ. ನೀವಾಗೇ ವಾಪಸ್ ಬತ್ತೀರ ಅಂತ ಕಾದೆ.’

‘ಬರ್ದೇ ಇದ್ದಿದ್ರೆ?’

ಅವಳು ಸ್ವಲ್ಪ ಯೋಚಿಸಿದಳು. ‘ಫೇಲು. ಮುಂದಿನ ವರ್ಷ ಮತ್ತೆ ಕಟ್ತಿದ್ದೆ. ನೀವು ಎರಡು ಸಲ ಆಗಿಲ್ವಾ ಸಾರ್?’ ಚುಚ್ಚಲೆಂದು ಹೇಳಿದ್ದಲ್ಲ, ಸಮಾಧಾನಕ್ಕೆ ಹೇಳಿದ್ದು. ಅದರಿಂದಲೇ ಅದು ಒಳಗಿನವರೆಗೂ ಇಳಿಯಿತು.

ಅವನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಸಾಲಿನ ವಿಷಯ. ‘ಎಡಗಡೆಯೋರು ಮುಂದೆ ಹೋಗ್ತಿದ್ರು, ನೋಡಿದ್ಯಾ? ಸಾಲು ಬಾಗಿತ್ತು. ನಡುವೆ ಇರೋರು ಎರಡು ಕಡೇನೂ ನೋಡ್ತಾ ಇರ್ಬೇಕು ಕಣಮ್ಮ.’ ‘ಹೌದಾ ಸಾರ್?’ ಎಂದು ಅವಳು ಪೂರ್ತಿ ಅವನ ಕಡೆಗೆ ತಿರುಗಿ ಕೂತಳು, ಹಗ್ಗದ ಗಂಟು ಕಲಿಯುವಾಗ ಕೂರುತ್ತಿದ್ದ ಹಾಗೆ. ಅವನು ಹುರುಪಿನಿಂದ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿಟ್ಟು ಸಾಲು ಹೇಗೆ ಬಾಗಿತ್ತು, ಹೇಗೆ ನೆಟ್ಟಗಿರಬೇಕಿತ್ತು ಎಂದು ತೋರಿಸತೊಡಗಿದ. ಅವಳು ಹೂಂಗುಡುತ್ತಿದ್ದಳು. ತೋರಿಸುತ್ತ ತೋರಿಸುತ್ತ ಅವಳ ಮುಖ ನೋಡಿದ. ಇವಳು ಈಗ ಕೇಳುತ್ತಿದ್ದಾಳೋ, ಇಲ್ಲ ಈಗಲೂ ಸುಮ್ಮನೆ ಕಾಯುತ್ತಿದ್ದಾಳೋ? ಬೆರಳು ಕಂಬಿಯ ಮೇಲೆ ನಿಂತಿತು.

‘ತಪ್ಪಾಯ್ತು ಕಣಮ್ಮ,’ ಎಂದ.

ಅಷ್ಟರಲ್ಲಿ ಡ್ರೈವರು ಹಾರನ್ನಿನ ಮೇಲೆ ಕೈಯಿಟ್ಟಿದ್ದ. ‘ಏನ್ ಸಾರ್? ಕೇಳಿಸ್ಲಿಲ್ಲ,’ ಎಂದು ಸಹನಾ ಕಿವಿಯನ್ನು ಹತ್ತಿರ ತಂದಳು. ಚನ್ನಕೇಶವ ಬಸ್ಸನ್ನೆಲ್ಲ ಒಮ್ಮೆ ನೋಡಿ, ಅದನ್ನೇ ಮತ್ತೆ ಹೇಳಲು ಬಾಯಿ ತೆರೆದ. ಹಾರನ್ನು ಥಟ್ಟನೆ ನಿಂತಿತು. ಆದರೆ ಅವನ ದನಿ ಆಗಲೇ ಹಾರನ್ನಿಗೆ ತಕ್ಕ ಹಾಗೆ ಏರಿಬಿಟ್ಟಿತ್ತು, ಇಳಿಸಲು ಸಮಯವಿರಲಿಲ್ಲ. ಬುಟ್ಟಿಯ ಹೆಂಗಸರು, ಕಂಡಕ್ಟರು, ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮುದುಕ, ಎಲ್ಲರೂ ಒಟ್ಟಿಗೆ ತಿರುಗಿ, ಇಸ್ತ್ರಿ ಹಾಳಾದ ನೀಲಿ ಅಂಗಿಯ ಗಂಡಸೊಬ್ಬ ಮಗಳಂಥ ಹುಡುಗಿಯ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಕಿವಿತುಂಬ ಕೇಳಿದರು.